ನೀರಿನ ಪಾಠವೊಂದನ್ನೇ ಕಲಿತ ನಮ್ಮ ಬೀಗರು

ನಮ್ಮ ಬೀಗರು ಒಂದು ಲೋಟ ನೀರು ಕುಡಿಯುವುದಕ್ಕೆ ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಾರೆ. ಸುಮ್ಮನೆ ಬಾಯಿಗೆ ಬಂದದ್ದು ಹೇಳುತ್ತಿಲ್ಲ, ಗೋಡೆ ಗಡಿಯಾರ ನೋಡಿಕೊಂಡು ಹೇಳುತ್ತಿದ್ದೇನೆ! ಮೊದಲು ಲೋಟ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಒಂದಿಷ್ಟು ಅಲ್ಲಾಡಿಸುತ್ತಾರೆ. ಅಂಚಿನಲ್ಲಿ ನೀರು ಹೇಗೆ ಒಂಚೂರು ಮೇಲಕ್ಕೆ ಹತ್ತಿ ಲೋಟವನ್ನು ಹಿಡಿದುಕೊಂಡಿದೆ ಅಂತ ಬಗ್ಗಿ ನೋಡುತ್ತಾರೆ. ನೋಡಿ ಮುಗುಳ್ನಗುತ್ತಾರೆ. ಹೆಣ್ಣು ಕೊಟ್ಟ ಮನೆಯವರು ನಾವು ಎದುರಿಗೆ ನಿಂತಿದ್ದೇವಲ್ಲ, ನಮ್ಮನ್ನು ನೋಡಿ ಯಾವತ್ತಾದರೂ ಹಾಗೆ ನಕ್ಕಿದ್ದಾರಾ? ಉಹೂಂ!

ಬೀಗರು ಅಂದರೆ ನನ್ನ ಮಗಳ ಮಾವ. ಅವರ ಊರು ನಾಗಮಂಗಲ ದಾಟಿ ದೇವಲಾಪುರದ ಕಡೆ, ಮಳೆ ಬಂದರೇ ಬೆಳೆ ಅನ್ನುವ ಬೆದ್ದಲು ಸೀಮೆ. ನಮ್ಮದು ಪಾಂಡವಪುರದ ಕಡೆ, ನಾಲೆ ಬಯಲು. ನಮ್ಮಲ್ಲಿ ನೀರು ಅಂದರೆ ಹಿತ್ತಲಲ್ಲಿ ತಾನೇ ತಾನಾಗಿ ಹರಿದುಕೊಂಡು ಹೋಗುವ ಪದಾರ್ಥ. ಅದರ ಬಗ್ಗೆ ಯೋಚನೆ ಮಾಡುವುದಕ್ಕೆ ಏನಿದೆ? ಗಾಳಿಯ ಬಗ್ಗೆ ಯಾರಾದರೂ ಯೋಚನೆ ಮಾಡುತ್ತಾರಾ? ಆದರೆ ಈ ಮನುಷ್ಯರಿಗೆ ನೀರಿನ ಹುಚ್ಚು. ಆ ಹುಚ್ಚಿಗೆ ಎದುರಾಗಿ ನಾನೂ ಒಂದು ಸಲ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡದ್ದು ಹನ್ನೊಂದು ದಿನದ ಒಂದು ಕೂಸು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಇವರು ಎಂಥವರು ಅಂತ ನಿಮಗೆ ಗೊತ್ತಾಗಬೇಕು.

ಬೀಗರು ಇಪ್ಪತ್ತೆಂಟು ವರ್ಷ ಒಂದು ಹೈಸ್ಕೂಲಿನಲ್ಲಿ ಜವಾನರಾಗಿದ್ದವರು. ವರ್ಷಕ್ಕೊಂದು ಸಲ ವಿಜ್ಞಾನದ ಮೇಷ್ಟ್ರು ನೀರಿನ ಪಾಠ ಮಾಡುವಾಗ, ಬಕೆಟ್ಟಿನಲ್ಲಿ ನೀರು ತರಲು ಇವರನ್ನು ಕರೆಯುತ್ತಿದ್ದರಂತೆ. ತಂದಿಟ್ಟ ಮೇಲೆ ಇವರು ಅಲ್ಲೇ ನಿಂತು ಪಾಠ ಕೇಳುತ್ತಿದ್ದರಂತೆ. ಹೀಗೆ ಒಂದೇ ಪಾಠ ಇಪ್ಪತ್ತೆಂಟು ಸಲ! ಮಕ್ಕಳು ಪಾಸಾದರು, ಮೇಷ್ಟ್ರುಗಳು ವರ್ಗವಾದರು, ಇವರು ಮಾತ್ರ ನೀರಿನ ಪಾಠದಲ್ಲೇ ಉಳಿದುಬಿಟ್ಟರು. ಉಳಿದ ಪಾಠಗಳಿಗೆ ನೀರು ಬೇಕಿರಲಿಲ್ಲ, ಹಾಗಾಗಿ ಉಳಿದದ್ದು ಇವರಿಗೆ ಗೊತ್ತಿಲ್ಲ. ಒಂದು ಸಲ ನಮ್ಮ ಯಜಮಾನರು ಬೇಕಂತಲೇ, "ಬೀಗ್ರೇ, ಭೂಮಿ ಗುಂಡ್ಗೆ ಅದಾ, ಚಪ್ಪಟೆ ಅದಾ?" ಅಂತ ಕೇಳಿದರು.

"ಅದು ನನ್ ಡೂಟಿ ಅಲ್ಲ ಕಣ್ರೀ" ಅಂದುಬಿಟ್ಟರು!

ನನ್ನ ಮಗಳನ್ನು ನೋಡಲು ಬಂದಾಗಲೇ ನಮಗೆ ಅನುಮಾನ ಬರಬೇಕಿತ್ತು. ಗಂಡಿನ ಕಡೆಯವರು ಬಂದು ಚಾಪೆ ಮೇಲೆ ಕೂತಿದ್ದಾರೆ. ಮಗಳು ತಲೆ ತಗ್ಗಿಸಿಕೊಂಡು ಕಾಫಿ ತಟ್ಟೆ ಹಿಡಿದು ಬಂದಳು. ಎಲ್ಲ ಕಡೆ ಏನು ಕೇಳುತ್ತಾರೆ? ಅಡಿಗೆ ಬರುತ್ತದಾ, ಹಾಡು ಬರುತ್ತದಾ ಅಂತ ತಾನೇ? ಇವರು, "ಕಾಪಿ ಬ್ಯಾಡ ಕಣವ್ವ. ಒಂದು ಬಟ್ಲು ನೀರು ತತ್ತಾ. ಅಂಗೇ ಒಂದು ಸೂಜಿನೂ ತತ್ತಾ" ಅಂದರು.

ಸೂಜಿ ಯಾಕೆ? ಇದೇನು ಮಾಟವೋ ಮಂತ್ರವೋ? ಬೀಗಿತ್ತಿ, ಅಂದರೆ ಅವರ ಹೆಂಡತಿ, ನನ್ನ ಮುಖ ನೋಡಿ, "ಎದ್ರುಕೋಬ್ಯಾಡಿ. ಎಲ್ಲಿಗೋದ್ರೂ ಇವ್ರದ್ದು ಇದೇ" ಅಂತ ಪಿಸುಗುಟ್ಟಿದರು.

ಬೀಗರು ಸೂಜಿಯನ್ನು ತಲೆಗೂದಲಿಗೆ ಉಜ್ಜಿ ಎಣ್ಣೆ ಮಾಡಿಕೊಂಡರು. ಎರಡು ಬೆರಳ ತುದಿಯಲ್ಲಿ ಹಿಡಿದು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ನೀರಿನ ಮೇಲೆ ಇಳಿಸಿದರು. ಸೂಜಿ ತೇಲಿತು!

"ನೋಡಿ! ಕಬ್ಣ! ತೇಲ್ತಾ ಐತೆ! ನೀರ್ಗೂ ಮ್ಯಾಲೆ ಒಂದು ಚರ್ಮ ಐತೆ. ನೀರಿನ ಕಣಗೋಳು ಒಂದನ್ನೊಂದು ಕೈ ಇಡ್ಕೊಂಡು ಬಿಗಿಯಾಗಿ ನಿಂತಿರ್ತವೆ, ಅದ್ಕೇ. ಕೆರೆ ಮ್ಯಾಲೆ ಉದ್ದ ಕಾಲಿನ ಹುಳ ಓಡಾಡ್ತದಲ್ಲ, ಅದು ಸಂಸಾರ ಮಾಡೋದೇ ಈ ಚರ್ಮದ ಮ್ಯಾಲೆ."

ನಾವೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದ ನನ್ನ ಮಗಳು ಇದ್ದಕ್ಕಿದ್ದ ಹಾಗೆ ಬಗ್ಗಿ ಬಟ್ಟಲಿಗೆ ಮುಖ ಇಟ್ಟು, "ಸೋಪು ಹಾಕುದ್ರೆ?" ಅಂತ ಕೇಳಿದಳು. ನಾನು ಹಿಂದಿನಿಂದ ಚಿವುಟಿದೆ. ಬೀಗರು ಮಾತ್ರ ಎದ್ದೇ ನಿಂತರು. ಬಚ್ಚಲಿನಿಂದ ಸೋಪು ತರಿಸಿ, ಅದರ ಒಂದು ತುಣುಕನ್ನು ನೀರಿಗೆ ಮುಟ್ಟಿಸಿದರು. ಸೂಜಿ ಟಪಕ್ಕನೆ ಮುಳುಗಿತು. ಮಗಳು ಗೊಳ್ಳನೆ ನಕ್ಕಳು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ಗೊಳ್ಳನೆ ನಗುವುದಾ? ಹುಡುಗನಿನ್ನೂ ಹೂಂ ಅಂದಿರಲಿಲ್ಲ, ಬೀಗರು "ನಂಗೊಪ್ಗೆ!" ಅಂತ ಕೂಗಿದರು. "ಇಪ್ಪತ್ತೆಂಟು ವರ್ಸದಲ್ಲಿ ಈ ಪ್ರಶ್ನೆ ಕೇಳಿದ್ದು ಮೂರೇ ಐಕ್ಳು!"

ಎಲ್ಲರ ಮನೆಯಲ್ಲೂ ಜಾತಕ ಕೂಡಿ ಮದುವೆ ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ಸೂಜಿ ಮುಳುಗಿ ಗಟ್ಟಿಯಾಯಿತು!

ಮದುವೆಯಾದ ವರ್ಷ ಧನುರ್ಮಾಸದಲ್ಲಿ ಎರಡೂ ಮನೆಯವರು ಸೇರಿ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದೆವು. ಬೆಳಗಿನ ಚಳಿ ಅಂದರೆ ಚಳಿ. ಹಲ್ಲು ಕಟಕಟ ಅನ್ನುತ್ತಿದೆ. ಬೀಗರು ಸೀದಾ ಹೊಳೆಗೆ ಇಳಿದು ಕುತ್ತಿಗೆವರೆಗೆ ಕೂತರು. "ಬನ್ನಿ, ಬನ್ನಿ! ಒಳ್ಗೆ ಬೆಚ್ಗೈತೆ!" ಅಂತ ಕರೆದರು. ಇಳಿದು ನೋಡಿದರೆ ನಿಜವಾಗಿಯೂ ನೀರು ಬೆಚ್ಚಗಿತ್ತು. ಹೊರಗಿನ ಗಾಳಿಯೇ ಕೊರೆಯುತ್ತಿದ್ದದ್ದು.

"ಗಾಳಿ ದುಡುಕು ಸ್ವಭಾವದ್ದು, ಬೇಗ ಕಾಯ್ತದೆ, ಬೇಗ ಆರ್ತದೆ. ನೀರು ನಿಧಾನಸ್ತ. ಕಾಯಾಕೂ ಟೇಮು ಬೇಕು, ಆರಾಕೂ ಟೇಮು ಬೇಕು. ಅದ್ಕೇ ಮೀನು ಚಳೀಲಿ ಸಾಯಾಕಿಲ್ಲ, ಬಿಸ್ಲಲ್ಲಿ ಬೇಯಾಕಿಲ್ಲ. ನಮ್ ಮೈಯಾಗೂ ಅರ್ಧಕ್ಕಿಂತ ಮ್ಯಾಲೆ ನೀರೇ ಐತೆ. ಅದ್ಕೇ ಬಿಸ್ಲು ಬಡುದ್ರೂ ಮನುಷ್ಯ ಗಟ್ಟಿಯಾಗಿ ನಿಲ್ತಾನೆ" ಅಂತ ಕುತ್ತಿಗೆ ಮಾತ್ರ ಕಾಣುವ ಹಾಗೆ ಕೂತು ಪಾಠ ಶುರು ಮಾಡಿದರು.

ನಮ್ಮ ಯಜಮಾನರಿಗೆ ಸಿಟ್ಟು. "ಅರ್ಧಕ್ಕಿಂತ ಜಾಸ್ತಿ ನೀರಾ? ಅಂಗಾದ್ರೆ ನಾನ್ ಅರವತ್ತು ವರ್ಸದಿಂದ ಉಂಡಿದ್ ಮುದ್ದೆಯೆಲ್ಲ ಎಲ್ಲೋಯ್ತು?"

"ಎಲ್ಲಾ ಸಿಟ್ಟಾಗಿ ಕೂತದೆ ಕಣ್ರೀ" ಅಂದೆ ನಾನು.

ಬೀಗರು ಆವತ್ತು ಹೊಳೆಯಿಂದ ಮೇಲೆ ಬಂದದ್ದು, ನಾವೆಲ್ಲ ತಿಂಡಿ ತಿಂದು ಮುಗಿಸಿ, ಅವರ ಪಾಲಿನ ಇಡ್ಲಿಯನ್ನೂ ತಿಂದ ಮೇಲೆ.

ಕೆ.ಆರ್.ಪೇಟೆಯಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದಾಗ ಆದದ್ದು ಇನ್ನೂ ಚೆನ್ನಾಗಿದೆ. ಬೇಸಿಗೆ. ಶರಬತ್ತಿಗೆ ಅಂತ ಮಂಜುಗಡ್ಡೆ ತರಿಸಿದ್ದರು. ಊಟಕ್ಕೆ ಎಲೆ ಹಾಕಿದರು, ಹೋಳಿಗೆ ಬಡಿಸಿದರು, ತುಪ್ಪ ಮಾತ್ರ ಬರಲೇ ಇಲ್ಲ. ಒಂದು ಸಾಲು ಜನ ಹೋಳಿಗೆ ಮುರಿದುಕೊಂಡು ಅಡಿಗೆ ಮನೆ ಕಡೆ ಕತ್ತು ಉದ್ದ ಮಾಡಿ ಕೂತಿದ್ದಾರೆ. ನಮ್ಮ ಯಜಮಾನರು ಎದ್ದು ಹೋಗಿ ನೋಡಿದರೆ, ಬೀಗರು ತುಪ್ಪದ ಪಾತ್ರೆ ಮುಂದಿಟ್ಟುಕೊಂಡು ಅಡಿಗೆಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡಿದ್ದಾರೆ!

"ನೋಡಿ, ಇದು ಕರ್ಗಿದ ತುಪ್ಪ. ಇದ್ಕೆ ಗಟ್ಟಿ ತುಪ್ಪದ ಗಡ್ಡೆ ಬುಟ್ಟೆ. ಏನಾಯ್ತು? ತಳಕ್ಕೋಯ್ತು. ಗಟ್ಟಿ ಆಗಿದ್ದು ತಳಕ್ಕೆ ಓಗ್ಬೇಕು, ಅದು ನ್ಯಾಯ. ಈಗ ನೀರ್ಗೆ ಮಂಜುಗಡ್ಡೆ ಬುಟ್ಟೆ. ತೇಲ್ತಾ ಐತೆ! ಗಟ್ಟಿ ಆದ್ಮೇಲೂ ತೇಲ್ತದಲ್ಲ, ಇಂಗೆ ಮಾಡೋದು ಬಲು ಅಪ್ರೂಪ. ಚಳಿ ದೇಸದಲ್ಲಿ ಕೆರೆ ಎಪ್ಪುಗಟ್ಟುದ್ರೆ ಗಡ್ಡೆ ಮ್ಯಾಲೆ ನಿಲ್ತದೆ, ಅದೇ ಒಂದು ಕಂಬಳಿ. ಅದ್ರ ಕೆಳ್ಗೆ ನೀರು ನೀರಾಗೇ ಇರ್ತದೆ, ಮೀನು ಬದ್ಕೊತದೆ. ಗಡ್ಡೆ ಮುಳ್ಗಂಗಿದ್ರೆ? ತಳದಿಂದ ಕಟ್ಕೊಂಡ್ ಬಂದು ಒಂದು ಮೀನೂ ಉಳೀತಿರ್ನಿಲ್ಲ!"

ಅಡಿಗೆ ಭಟ್ಟರು ಸೌಟು ಹಿಡಿದುಕೊಂಡು ಮಂತ್ರ ಕೇಳಿದವರ ಹಾಗೆ ನಿಂತಿದ್ದರು. ಹೊರಗಿನಿಂದ ಯಾರೋ, "ಲೇ, ತುಪ್ಪ ಎಲ್ಲೋಯ್ತುಲಾ?" ಅಂತ ಕೂಗಿದರೆ, ಒಳಗಿನಿಂದ ನಮ್ಮ ಯಜಮಾನರು, "ಪಾಠ ಕೇಳ್ತಾ ಅದೆ, ಬೆಲ್ ಒಡುದ್ಮೇಲೆ ಬತ್ತದೆ!" ಅಂದರು.

ಹೀಗೇ ನಗಾಡಿಕೊಂಡು ಎರಡು ವರ್ಷ ಕಳೆಯಿತು. ಮಗಳು ಬಸುರಿಯಾದಳು. ಅಯ್ಯೋ, ಆ ಸುದ್ದಿ ಬಂದ ದಿನ ನಾನು ಕುಣಿಯುವುದೊಂದು ಬಾಕಿ! ಸೀಮಂತಕ್ಕೆ ಅಂತ ಬಿಳಿ ಸುಗಂಧರಾಜ ತರಿಸಿ, ಕಡ್ಡಿ ಸಮೇತ ಕೊಡದಲ್ಲಿ ನಿಲ್ಲಿಸಿದ್ದೆ. ಮಧ್ಯಾಹ್ನ ಜಡೆ ಹೆಣೆಯಲು ಹೋಗಿ ನೋಡುತ್ತೇನೆ, ಹೂವೆಲ್ಲ ನೀಲಿ! ಎಸಳು ಎಸಳಿನಲ್ಲೂ ನೀಲಿ ನರ ಎದ್ದಿದೆ. ಹೆಂಗಸರೆಲ್ಲ ಹೌಹಾರಿದರು. ಬೀಗರು ಬೆಳಿಗ್ಗೆಯೇ ಕೊಡಕ್ಕೆ ಒಂದು ಸೀಸೆ ಮಸಿ ಸುರಿದಿದ್ದರು.

"ಬೀಗ್ರೇ, ಇದೇನ್ ನಿಮ್ ಕೆಲ್ಸ? ಶುಭಕಾರ್ಯ ಅಲ್ವಾ?" ಅಂತ ನಾನು ಜಗಳಕ್ಕೇ ನಿಂತೆ.

"ಕ್ವಾಪ ಮಾಡ್ಕೋಬ್ಯಾಡಿ ಬೀಗಿತ್ತಮ್ಮ. ನೀರು ತಾನೇ ತಾನಾಗಿ ಕಡ್ಡಿ ಒಳಗೆ ಅತ್ಕೊಂಡು ಓಯ್ತದೆ, ಯಾರೂ ಪಂಪು ಮಡಗಿಲ್ಲ. ಓಗುವಾಗ ಸುಮ್ಕೆ ಓಗಾಕಿಲ್ಲ. ಮಣ್ಣಾಗಿರೋ ಉಪ್ಪು, ಗೊಬ್ರ, ಏನ್ ಸಿಕ್ತೋ ಅದನ್ನೆಲ್ಲ ತನ್ನಾಗೆ ಕರಗಿಸ್ಕೊಂಡು ಒತ್ಕೊಂಡೋಯ್ತದೆ. ಇವತ್ತು ಮಸಿ ಸಿಕ್ತು, ಮಸಿ ಒತ್ಕೊಂಡೋಯ್ತು. ನಿಮ್ ಮಗಳ ಒಟ್ಟೆಲಿರೋ ಕೂಸ್ಗೂ ಅಂಗೇಯ. ತಾಯಿ ಉಂಡಿದ್ದು ಕೂಸಿನ ತಾವ್ಕೆ ಓಗೋದು ನೀರಿನ ಮ್ಯಾಲೇ ಸವಾರಿ ಮಾಡ್ಕೊಂಡು."

ನನಗೆ ಅವರ ಸವಾರಿ ಬೇಕಿರಲಿಲ್ಲ, ಬಿಳಿ ಹೂವು ಬೇಕಿತ್ತು. ಮಗಳು, "ಇರ್ಲಿ ಬುಡವ್ವ, ಚೆನ್ನಾಗದೆ" ಅಂತ ಅದನ್ನೇ ಮುಡಿದು ಹಸೆಗೆ ಕೂತಳು. ನಮ್ಮ ತಾಲ್ಲೂಕಿನಲ್ಲಿ ನೀಲಿ ಸುಗಂಧರಾಜ ಮುಡಿದ ಮೊದಲನೇ ಬಸುರಿ ಅವಳೇ ಇರಬೇಕು!

ಚೈತ್ರದಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಅದರ ಮೂಗು ನನ್ನ ಮೂಗು! ಇದನ್ನು ನಾನು ಊರಿಗೆಲ್ಲ ಹೇಳಿ ಆಗಿದೆ, ನಿಮಗೂ ಹೇಳಿಬಿಡುತ್ತೇನೆ. ಆಸ್ಪತ್ರೆಯಿಂದ ಹೊರಡುವಾಗ ನರ್ಸಮ್ಮ, "ಬಾಣಂತಿಗೆ ಚೆನ್ನಾಗಿ ನೀರು ಕುಡಿಸಿ" ಅಂದರು. ನಾನು ಹೂಂ ಅಂದೆ. ಈಚೆ ಬಂದ ಮೇಲೆ ಯಜಮಾನರಿಗೆ, "ಆ ಹುಡುಗಿಗೆ ಇನ್ನೂ ಮದ್ವೆ ಆಗಿಲ್ಲ, ಬಾಣಂತನ ಅವಳಿಗೇನ್ ಗೊತ್ತು?" ಅಂದೆ.

ನಮ್ಮ ಕಡೆ ಬಾಣಂತನ ಹೇಗೆ ಅಂತ ನಿಮಗೆ ಗೊತ್ತಲ್ಲ? ಕತ್ತಲೆ ಕೋಣೆ, ಕೆಂಡ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಊಟಕ್ಕೆ ಬಿಸಿ ಅನ್ನ, ಕಾಳುಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ತುಪ್ಪ. ನೀರು ಮಾತ್ರ ಕೇಳಬಾರದು. ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ, ಅದೂ ಓಂಕಾಳು ಹಾಕಿ ಕುದಿಸಿದ್ದು. ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮಗುವಿಗೆ ಶೀತ. ಹೀಗಂತ ನನ್ನ ತಾಯಿ ಹೇಳಿದ್ದು, ಅವರ ತಾಯಿ ಅವರಿಗೆ ಹೇಳಿದ್ದು. ಮಗಳು ಮೊದಲ ಎರಡು ದಿನ "ಅವ್ವ, ಒಂದ್ ಗುಟುಕು" ಅಂತ ಕೇಳಿದಳು. "ತಡ್ಕೊ ಕಣವ್ವ, ನಿನ್ ಒಳ್ಳೇದ್ಕೇ" ಅಂದೆ. ಮೂರನೇ ದಿನದಿಂದ ಕೇಳುವುದನ್ನು ಬಿಟ್ಟಳು. ಬುದ್ಧಿ ಬಂತು ಅಂದುಕೊಂಡೆ.

ಹನ್ನೊಂದನೇ ದಿನ ಬೀಗರು ಕೊಬ್ಬರಿ, ಬೆಲ್ಲ, ತುಪ್ಪ ಹೊತ್ತುಕೊಂಡು ಬಂದರು. ಬಾಣಂತಿ ಕೋಣೆಗೆ ಗಂಡಸರು ಹೋಗುವ ಹಾಗಿಲ್ಲ. ಕೂಸನ್ನು ನಾನೇ ಈಚೆ ತಂದು ತೋರಿಸಿದೆ. ನೋಡಿದರು, ಖುಷಿಪಟ್ಟರು. ಆಮೇಲೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಬಟ್ಟೆ ಒಣಹಾಕುವ ತಂತಿ ನೋಡುತ್ತಿದ್ದಾರೆ!

"ಬೀಗಿತ್ತಮ್ಮ, ಕೂಸಿನ ಬಟ್ಟೆ ನಾಕೇ ಅವೆ?"

"ನಿನ್ನೆ ಬೆಳಿಗ್ಗಿಂದ್ಲೂ ಅಷ್ಟೇಯ. ನಮ್ ಕೂಸು ಬಾಳ ಚೊಕ್ಕ ಬೀಗ್ರೇ! ಬಟ್ಟೆ ಒದ್ದೆ ಮಾಡೋದೇ ಇಲ್ಲ" ಅಂದೆ ನಾನು ಹೆಮ್ಮೆಯಿಂದ. ಅಕ್ಕಪಕ್ಕದ ಮನೆಯವರಿಗೂ ಮೂರು ದಿನದಿಂದ ಇದನ್ನೇ ಹೇಳಿಕೊಂಡು ಬಂದಿದ್ದೆ. ಎಂಥ ಜಾಣ ಮೊಮ್ಮಗಳು, ಹುಟ್ಟುತ್ತಲೇ ಅಜ್ಜಿಗೆ ಬಟ್ಟೆ ಒಗೆಯುವ ಕೆಲಸ ಉಳಿಸಿದಳು ಅಂತ!

ಬೀಗರ ಮುಖ ಸಣ್ಣದಾಯಿತು. "ಕೂಸು ಅಳ್ತದಾ?"

"ಅಳದೇ ಇರ್ತದಾ? ಈಚೀಚೆಗೆ ಕಮ್ಮಿ ಆಯ್ತು. ನಿದ್ದೆ ಜಾಸ್ತಿ."

"ನನ್ ಸೊಸೆ ದಿನಕ್ಕೆ ಎಷ್ಟು ನೀರು ಕುಡೀತಾಳೆ?"

ಹೇಳಿದೆ. ಅವರು ಅಲ್ಲೇ ಒರಳುಕಲ್ಲಿನ ಮೇಲೆ ಕೂತರು. "ತಾಯೀ, ಆಲು ಅಂದ್ರೇನು? ನೂರ್ಕೆ ಎಂಬತ್ತು ಪಾಲಿಗಿಂತ ಜಾಸ್ತಿ ನೀರೇಯ. ಅವಳ ಮೈಗೇ ನೀರಿಲ್ದೆ ಓದ್ರೆ ಕೂಸ್ಗೆ ಎಲ್ಲಿಂದ ತತ್ತಾಳೆ? ಕೂಸು ಒದ್ದೆ ಮಾಡ್ತಿಲ್ಲ ಅಂದ್ರೆ ಅದ್ಕೆ ಆಲು ಸಾಲ್ತಿಲ್ಲ. ಅಳಾಕೂ ಸಕ್ತಿ ಇಲ್ದೆ ಮಲೀಕತದೆ. ಕೊಡಿ ತಾಯಿ, ನೀರು ಕೊಡಿ."

ನನಗೆ ಸಿಟ್ಟು ಹತ್ತಿಕೊಂಡಿತು. ನಾಲ್ಕು ಬಾಣಂತನ ಮಾಡಿದವಳು ನಾನು. ಶಾಲೆಗೆ ಬಕೆಟ್ಟು ಹೊತ್ತ ಗಂಡಸು ನನಗೆ ಹೇಳಿಕೊಡುವುದಾ? "ಬೀಗ್ರೇ, ನೀರ್ನಾಗೆ ಸೂಜಿ ತೇಲಿಸೋದು ಬ್ಯಾರೆ, ಬಾಣಂತನ ಬ್ಯಾರೆ. ಇದು ನಮ್ಮನೆ. ನನ್ ಮಗಳು. ನಂಗೊತ್ತದೆ" ಅಂದೆ.

ಅವರು ಒರಳುಕಲ್ಲಿನಿಂದ ಎದ್ದರು. "ಆಯ್ತು ಬುಡಿ. ನಾನು ಕ್ವಾಣೆಗೆ ಬರಾಕಿಲ್ಲ, ನಿಮ್ ಸಾಸ್ತ್ರಕ್ಕೆ ಅಡ್ಡ ಬರಾಕಿಲ್ಲ. ಆದ್ರೆ ನನ್ ಸೊಸೆಗೆ ಏನ್ ಕೊಡ್ತೀರೋ, ನಂಗೂ ಅದೇ ಕೊಡಿ. ಅದೇ ಅನ್ನ, ಅದೇ ಸಾರು, ಅದೇ ಅರ್ಧ ಲೋಟ ನೀರು. ಒಂದು ತೊಟ್ಟು ಮ್ಯಾಲೆ ಬ್ಯಾಡ."

"ಎಷ್ಟು ದಿನ?"

"ಅವಳು ಒಟ್ಟೆ ತುಂಬ ನೀರು ಕುಡಿಯೋಗಂಟ."

ತಮಾಷೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ! ಬೀಗರು ಜಗಲಿ ಮೇಲೆ ಚಾಪೆ ಹಾಸಿಕೊಂಡರು. ಕಿವಿಗೆ ಹತ್ತಿ ಇಟ್ಟುಕೊಂಡರು. ತಲೆಗೆ ಟವೆಲ್ಲು ಬಿಗಿದು ಕಟ್ಟಿದರು. ಚೈತ್ರದ ಆ ಬಿಸಿಲಿನಲ್ಲಿ ಕಂಬಳಿ ಕೇಳಿ ಹೊದ್ದುಕೊಂಡರು! ಪಕ್ಕದಲ್ಲಿ ಒಂದು ಕೆಂಡದ ಬಾಣಲೆ. ಅರವತ್ತನಾಲ್ಕು ವರ್ಷದ, ಪೊದೆ ಮೀಸೆಯ ಬಾಣಂತಿ!

ಬೀದಿಯಲ್ಲಿ ಹೋಗುವವರು ನಿಂತು ನೋಡುವುದಕ್ಕೆ ಶುರು ಮಾಡಿದರು.

"ಏನ್ ಬೀಗ್ರೇ, ಎರ್ಗೆ ಆಯ್ತಾ?"

"ಆಯ್ತು ಕಣಪ್ಪ, ಅನ್ನೊಂದ್ ದಿನ."

"ಗಂಡೋ, ಎಣ್ಣೋ?"

"ಎಣ್ಣು. ಆಲು ಸಾಲ್ತಿಲ್ಲ, ಅದೇ ಚಿಂತೆ."

ನಾನು ಒಳಗೆ ನಿಂತು ಹಲ್ಲು ಕಡಿದೆ. ಊರೆಲ್ಲ ನಗುತ್ತಿದೆ. ನಗುವುದು ಅವರನ್ನು ನೋಡಿಯೋ, ನನ್ನನ್ನು ನೋಡಿಯೋ? ಯಜಮಾನರು ಒಳಗೆ ಬಂದು, "ಒಂದ್ ಚೊಂಬು ನೀರ್ ಕೊಟ್ ಮುಗ್ಸೇ. ಮರ್ವಾದೆ ಓಯ್ತಾ ಅದೆ" ಅಂದರು. "ಅವ್ರು ಗಂಡ್ಸು, ಎಷ್ಟೊತ್ತು ತಡೀತಾರೆ? ಸಂಜೆ ಒತ್ಗೆ ಕುಡೀತಾರೆ ಸುಮ್ನಿರಿ" ಅಂದೆ.

ಸಂಜೆ ಕುಡಿಯಲಿಲ್ಲ. ಕೊಟ್ಟ ಅರ್ಧ ಲೋಟ ಕುಡಿದು ಲೋಟ ಬೋರಲು ಹಾಕಿದರು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ತುಟಿ ಬಿರಿದಿತ್ತು. ಬೀದಿಯವರು ಮಾತಾಡಿಸಿದರೆ ಬರೀ ಕೈ ಆಡಿಸುತ್ತಿದ್ದರು. ಕೆಂಡದ ಪಕ್ಕ ಕೂತರೂ ಹಣೆ ಮೇಲೆ ಬೆವರಿಲ್ಲ. ಅದನ್ನೂ ಅವರೇ ಹಿಂದೆ ಹೇಳಿದ್ದರು, ಬೆವರು ಆರುವಾಗ ಮೈಯ ಬಿಸಿ ಎಳೆದುಕೊಂಡು ಹೋಗುತ್ತದೆ, ಬೆವರು ನಿಂತರೆ ಅಪಾಯ ಅಂತ. ಮಾತು ನಿಲ್ಲಿಸಿದ ಬೀಗರನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು. ಆದರೆ ಸೋಲುವುದಾ? ಇವತ್ತು ಸೋತರೆ, ನಾನು ಮಾಡಿದ್ದೆಲ್ಲ ತಪ್ಪು ಅಂತ ಆಗುವುದಿಲ್ಲವಾ? ಒಳಗೆ ಕೂಸು ಆಗೊಮ್ಮೆ ಈಗೊಮ್ಮೆ ಬೆಕ್ಕಿನ ಮರಿಯ ಹಾಗೆ ಕೀರಲು ದನಿ ತೆಗೆಯುತ್ತಿತ್ತು. ಆವತ್ತು ತಂತಿಯ ಮೇಲೆ ಮೂರು ಬಟ್ಟೆ. ನೋಡಿದರೂ ನೋಡದವಳ ಹಾಗೆ ಈಚೆ ಬಂದೆ.

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು. ಚೊಂಬು ಹಿಡಿದು ಕೊಟ್ಟಿಗೆಗೆ ಹೋದೆ. ನಮ್ಮ ಕೆಂದಹಸು ಕರು ಹಾಕಿ ಹದಿನೈದು ದಿನವಾಗಿತ್ತು. ಕೂತು ಕರೆದರೆ ಚೊಂಬು ಅರ್ಧವೂ ತುಂಬಲಿಲ್ಲ! ಪಕ್ಕದ ತೊಟ್ಟಿ ನೋಡಿದರೆ ಒಣಗಿ ಹೋಗಿದೆ. ಬೀಗರ ಗಲಾಟೆಯಲ್ಲಿ ಯಜಮಾನರು ಬೆಳಿಗ್ಗೆಯಿಂದ ಹಸುವಿಗೆ ನೀರು ಇಡುವುದನ್ನೇ ಮರೆತಿದ್ದರು. ಎಲ್ಲಿತ್ತೋ ಸಿಟ್ಟು, ಬೀದಿಗೆ ಕೇಳುವ ಹಾಗೆ ಕೂಗಿದೆ:

"ಅಲ್ಲಾ ಕಣ್ರೀ! ಈದಿರೋ ಅಸ ಅದು! ಬಾಯಿಲ್ದಿರೋ ಪ್ರಾಣಿ, ಕೇಳ್ತದಾ? ಮೂರ್ ಬಕೀಟು ನೀರು ಕುಡಿಸ್ದೆ ಆಲು ಎಲ್ಲಿಂದ ಬತ್ತದೆ? ನಿಮ್ ತಲೆಯಿಂದ ಬತ್ತದಾ?"

ಕೂಗಿ ಮುಗಿಯಿತು. ಪಕ್ಕದ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಕೊಟ್ಟಿಗೆಯ ಬಾಗಿಲಿಂದ ಜಗಲಿ ನೇರ ಕಾಣುತ್ತದೆ. ಬೀಗರು ನನ್ನ ಕಡೆ ತಿರುಗಿದರು. ಒಂದು ಕಿವಿಯ ಹತ್ತಿ ಮೆಲ್ಲಗೆ ತೆಗೆದು ಪಕ್ಕಕ್ಕೆ ಇಟ್ಟರು!

ಅಲ್ಲಿಂದ ಎದ್ದವಳು ಸೀದಾ ಅಡಿಗೆ ಮನೆಗೆ ಹೋದೆ. ಕಾದು ಆರಿದ ನೀರು ದೊಡ್ಡ ಚೊಂಬಿನ ತುಂಬ ತುಂಬಿಕೊಂಡು ಬಾಣಂತಿ ಕೋಣೆಗೆ ನುಗ್ಗಿದೆ. ಕಿಟಕಿ ತೆಗೆದೆ. ಕೆಂಡ ಈಚೆ ಇಟ್ಟೆ. ಮಗಳ ತಲೆಯ ಬಟ್ಟೆ ಬಿಚ್ಚಿ ಚೊಂಬು ಕೈಗೆ ಕೊಟ್ಟೆ. ಅವಳು ಚೊಂಬನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಎಲ್ಲಾ ಕುಡೀಬೋದಾ ಅವ್ವ?"

"ಎಲ್ಲಾ ಕುಡಿ."

ಉಸಿರು ತೆಗೆದುಕೊಳ್ಳದೆ ಕುಡಿದಳು. ಇನ್ನೊಂದು ಚೊಂಬು ತಂದೆ. ಅದೂ ಆಯಿತು. ಆಮೇಲೆ ಮತ್ತೊಂದು ತುಂಬಿಕೊಂಡು ಜಗಲಿಗೆ ಹೋದೆ. ಬೀಗರು ಕೈ ಚಾಚಲಿಲ್ಲ.

"ಕುಡುದ್ಲಾ?" ಅಂದರು. ದನಿ ಕೆರೆದ ಹಾಗಿತ್ತು.

"ಕುಡುದ್ಲು."

"ಎಷ್ಟು?"

"ಎರಡು ಚೊಂಬು."

ಆಗ ತೆಗೆದುಕೊಂಡರು ನೋಡಿ! ಬೆಳಕಿಗೆ ಹಿಡಿಯಲಿಲ್ಲ, ಅಲ್ಲಾಡಿಸಲಿಲ್ಲ, ಹನ್ನೆರಡು ನಿಮಿಷ ಹಿಡಿಯಲಿಲ್ಲ. ಗಟಗಟ ಅಂತ ಒಂದೇ ಉಸಿರಿಗೆ ಮುಗಿಸಿ, ಮೀಸೆ ಒರೆಸಿಕೊಂಡು, "ಬೀಗಿತ್ತಮ್ಮ, ಒಂದು ಮುದ್ದೆ ಇದ್ರೆ ನೋಡಿ. ಬಾಣಂತಿ ಊಟ ಬಲು ಸಪ್ಪೆ" ಅಂದರು.

ಮೂರು ದಿನಕ್ಕೆ ತಂತಿಯ ಮೇಲೆ ಒಂಬತ್ತು ಬಟ್ಟೆ. ಐದನೇ ದಿನ ತಂತಿ ಸಾಲದೆ ಹಗ್ಗ ಕಟ್ಟಿದೆವು. ಬೀಗರು ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗಿ ಎಣಿಸಿಕೊಂಡು ಬಂದು, "ಇವತ್ತು ಅದ್ನೆಂಟು!" ಅಂತ ಯಜಮಾನರಿಗೆ ವರದಿ ಒಪ್ಪಿಸುತ್ತಿದ್ದರು. ಕೂಸು ಕಿವಿ ತೂತಾಗುವ ಹಾಗೆ ಅಳುವುದಕ್ಕೆ ಕಲಿಯಿತು. ಆ ಅಳು ಕೇಳಿದ ಮೇಲೆಯೇ ಅವರು ನಾಗಮಂಗಲದ ಬಸ್ಸು ಹತ್ತಿದ್ದು.

ಆ ಕೂಸಿಗೆ ಈಗ ಐದು ತುಂಬಿದೆ! ನನ್ನ ಬಂಗಾರ, ನನ್ನ ಮೂಗಿನ ಒಡತಿ! ಮೊನ್ನೆ ರಜಕ್ಕೆ ಬಂದವಳು ಕೆಸವಿನ ಎಲೆಯ ಮೇಲೆ ಒಂದು ಹನಿ ನೀರನ್ನು ಆ ಕಡೆ ಈ ಕಡೆ ಉರುಳಿಸುತ್ತಾ ಅರ್ಧ ಗಂಟೆ ಕೂತಿದ್ದಳು. "ಉಣ್ಣೋಕ್ ಬಾರವ್ವ" ಅಂದರೆ, "ಇರಜ್ಜಿ, ಇದ್ಕೆ ಎಲೆ ಇಷ್ಟ ಇಲ್ಲ, ಯಾಕೇಂತ ಕೇಳ್ತಾ ಇವ್ನಿ" ಅನ್ನುತ್ತಾಳೆ. ತಾತನ ರಕ್ತ, ಬಿಡುತ್ತದಾ? ನಾನೂ ಈಗ ನೆಟ್ಟಗಿಲ್ಲ ಬಿಡಿ. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಚೊಂಬು ಹಿಡಿದು ಹೋಗಿ ನಿಲ್ಲುತ್ತೇನೆ. ಮುದುಕಿಯರು ಬಾಗಿಲು ಹಾಕಿಕೊಳ್ಳುತ್ತಾರೆ, ತೆಗೆಯುವ ತನಕ ಜಗಲಿ ಬಿಟ್ಟು ಏಳುವುದಿಲ್ಲ. "ಬೀಗರ ಹುಚ್ಚು ಇವಳಿಗೂ ಅಂಟ್ಕತು" ಅನ್ನುತ್ತಾರೆ. ಅಂಟಿಕೊಳ್ಳಲಿ!

ಇಷ್ಟೆಲ್ಲ ನಗಾಡಿಕೊಂಡು ಹೇಳಿದೆ. ಒಂದನ್ನು ಮಾತ್ರ ಬೀಗರಿಗೂ ಹೇಳಿಲ್ಲ, ಯಜಮಾನರಿಗೂ ಹೇಳಿಲ್ಲ.

ಮಗಳು ನೀರು ಕುಡಿದಳಲ್ಲ, ಅದರ ಮಾರನೇ ಬೆಳಿಗ್ಗೆ ಅವಳನ್ನು ಬಚ್ಚಲಲ್ಲಿ ಕೂರಿಸಿ ಹಿಂದೆ ನಿಂತು ತಲೆಗೆ ನೀರು ಹುಯ್ಯುತ್ತಿದ್ದೆ. ಅವಳು ಮುಖ ಒರೆಸಿಕೊಂಡು ನಕ್ಕಳು.

"ಇವತ್ತು ಬಾಯ್ ತೆಗಿಯೋ ಕೆಲ್ಸ ಇಲ್ಲ ಕಣವ್ವ."

"ಯಾಕೆ?"

"ಇಷ್ಟ್ ದಿನ ನೀನು ತಲೆ ಮ್ಯಾಲೆ ಉಯ್ಯುವಾಗ ಬಾಯ್ ತೆಕ್ಕೊಂಡು ಕೂತಿರ್ತಿದ್ದೆ. ಮುಖದ್ ಮ್ಯಾಲೆ ಇಳಿಯೋದನ್ನ ಕುಡ್ಕೊತಿದ್ದೆ. ನಿಂಗೆ ಗೊತ್ತಾಗದೇ ಇರ್ಲಿ ಅಂತ ತಲೆ ಬಗ್ಗಿಸ್ಕೊತಿದ್ದೆ."

ಎತ್ತಿದ ಕೈ ಹಾಗೇ ನಿಂತಿತು. ನನ್ನ ಮೊದಲ ಬಾಣಂತನದಲ್ಲಿ, ನನ್ನ ತಾಯಿ ಹಿಂದೆ ನಿಂತು ನೀರು ಹುಯ್ಯುವಾಗ, ನಾನೂ ಹೀಗೇ ತಲೆ ಬಗ್ಗಿಸಿಕೊಂಡು ಬಾಯಿ ತೆರೆದು ಕೂತಿದ್ದೆ. ಸೀಗೆಪುಡಿಯ ಒಗರು ನೀರು, ಕೂದಲಿನಿಂದ ಇಳಿದದ್ದು. ಎಷ್ಟು ರುಚಿಯಾಗಿತ್ತು! ಅದು ನನಗೆ ಇಷ್ಟು ವರ್ಷ ಹೇಗೆ ಮರೆತುಹೋಗಿತ್ತು? ನನ್ನ ತಾಯಿಗೂ ಗೊತ್ತಿತ್ತೋ ಏನೋ. ಅವರೂ ಯಾವತ್ತೋ ತಮ್ಮ ತವರಿನ ಬಚ್ಚಲ ಕಲ್ಲಿನ ಮೇಲೆ ಬಾಯಿ ತೆರೆದು ಕೂತಿದ್ದರೋ ಏನೋ.

"ಯಾಕವ್ವ, ಉಯ್ಯಿ, ಚಳಿ ಆಯ್ತದೆ" ಅಂದಳು ಮಗಳು.

ನಾನು ಹಿಂದಿನಿಂದ ಮುಂದಕ್ಕೆ ಬಂದು ಅವಳ ಮುಖ ಕಾಣುವ ಹಾಗೆ ಎದುರಿಗೆ ಕೂತು ಹುಯ್ದೆ.